ಕಂಪ್ಯೂಟರಿಗೆ ತಗುಲಿದ ಮೈಲಿಗೆ

ನಮ್ಮ ಚನ್ನಪಟ್ಟಣದ ಮನೆಗೆ ಮೊದಲು ಬಂದದ್ದು ಕಂಪ್ಯೂಟರು, ಆಮೇಲೆ ಬಂದವಳು ಚಿಕ್ಕಮ್ಮ. ಬೆಂಗಳೂರಿನ ಯಾವುದೋ ಕಚೇರಿಯವರು ಹಳತಾಯಿತೆಂದು ಮಾರಿದ ಯಂತ್ರವನ್ನು ಚಿಕ್ಕಪ್ಪ ಟೆಂಪೋದಲ್ಲಿ ಹಾಕಿಸಿ, ಸುತ್ತ ದಿಂಬು ಒತ್ತಿ, ತಾನೂ ಹಿಂದೆ ಅದನ್ನು ತಬ್ಬಿಕೊಂಡು ಕೂತು ತಂದಿದ್ದ. ಹೈವೇ ಬದಿಯಲ್ಲಿ ಅವನದೊಂದು ಬೊಂಬೆ ಅಂಗಡಿ ಇತ್ತು. ಅಲ್ಲಿ ಮರದ ಹೊಟ್ಟು, ಲಾರಿಗಳ ಧೂಳು. ಕಂಪ್ಯೂಟರಿಗೆ ಧೂಳು ಆಗದು ಎಂದು ಮಾರಿದವರು ಹೇಳಿ ಕಳಿಸಿದ್ದರಂತೆ. ಹಾಗಾಗಿ ಅದು ಮನೆಗೇ ಬಂತು. ನಮ್ಮದು ಸೌದೆ ಒಲೆಯ ಮನೆ. ಹೊಗೆ ತಾಕದ ಜಾಗವೆಂದರೆ ದೇವರ ಮನೆಗೆ ಅಂಟಿಕೊಂಡಿದ್ದ ಕೋಣೆ ಒಂದೇ, ಅಲ್ಲಿ ಅವ್ವ, ನಾನು ಮಲಗುತ್ತಿದ್ದೆವು. ಆ ದಿನವೇ ನಮ್ಮ ಹಾಸಿಗೆ ನಡುಮನೆಗೆ ಬಂತು. ಅಜ್ಜಿ ಆರತಿ ಎತ್ತಿ, ಪರದೆಯ ಗಾಜಿನ ನಡುವೆ ಕುಂಕುಮ ಇಟ್ಟು, ಪ್ರಿಂಟರಿನ ಮೇಲೆ ಒಂದು ಮೊಳ ಸೇವಂತಿಗೆ ಇಳಿಬಿಟ್ಟಳು. ಅಂದಿನಿಂದ ಆ ಕೋಣೆಗೆ ಸ್ನಾನ ಮಾಡದೆ ಯಾರೂ ಹೋಗುವಂತಿರಲಿಲ್ಲ, ಚಿಕ್ಕಪ್ಪನೊಬ್ಬನನ್ನು ಬಿಟ್ಟು.

ಯಂತ್ರವೇನೋ ಬಂತು. ನಡೆಸುವವರು ಯಾರೂ ಇರಲಿಲ್ಲ. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಹೇಳುತ್ತಿದ್ದ ನನ್ನಪ್ಪ ಅದರ ಇಂಗ್ಲಿಷ್ ಪುಸ್ತಕವನ್ನು ಹಿಂದೆ ಮುಂದೆ ತಿರುವಿ ಕೆಳಗಿಟ್ಟ. ಚಿಕ್ಕಪ್ಪ ಗುಂಡಿ ಒತ್ತಿ, ಪರದೆಯ ಮೇಲೆ ಹಸಿರು ಅಕ್ಷರ ಮೂಡುವುದನ್ನು ಬಂದವರಿಗೆಲ್ಲ ತೋರಿಸಿ ಆರಿಸಿಬಿಡುತ್ತಿದ್ದ. ಅವನಿಗೆ ಹೆಣ್ಣು ನೋಡುತ್ತಿದ್ದ ಕಾಲ ಅದು. ಮಾಗಡಿಯ ಕಡೆ ಒಬ್ಬ ಹುಡುಗಿ ಬಿ.ಕಾಂ. ಓದಿದ್ದಾಳೆ, ಟೈಪಿಂಗ್ ಸೀನಿಯರ್ ಆಗಿದೆ, ಸೋದರಮಾವನ ಮನೆಯಲ್ಲಿದ್ದುಕೊಂಡು ಕಂಪ್ಯೂಟರೂ ಕಲಿತಿದ್ದಾಳೆ ಎಂದು ಗೊತ್ತಾದ ಕೂಡಲೆ ಜಾತಕವನ್ನೂ ಸರಿಯಾಗಿ ನೋಡದೆ ಮಾತು ಮುಗಿಸಿದರು. ಹಾಗೆ ಬಂದವಳು ವನಜ ಚಿಕ್ಕಮ್ಮ. ಮದುವೆಯ ಅರಿಸಿನ ಕೈಯಿಂದ ಹೋಗುವ ಮೊದಲೇ ಅವಳನ್ನು ಆ ಕೋಣೆಯಲ್ಲಿ ಕೂರಿಸಿದ್ದರು.

ಅವಳ ಕೈಯಲ್ಲಿ ಅದು ಎಷ್ಟು ಸುಲಭದ ಯಂತ್ರವಾಗಿತ್ತು ಎಂದರೆ ಈಗ ಹೇಳಿದರೆ ನನ್ನ ಮಕ್ಕಳು ನಂಬುವುದಿಲ್ಲ. ಕಾಪಿ ಎಂದು ಟೈಪು ಮಾಡಬೇಕು, ಒಂದು ಜಾಗ ಬಿಡಬೇಕು, ಫೈಲಿನ ಹೆಸರು, ಮತ್ತೊಂದು ಜಾಗ, ಆಮೇಲೆ ಪಿ ಆರ್ ಎನ್ ಎಂಬ ಮೂರಕ್ಷರ. ಎಂಟರ್. ಅಷ್ಟೇ. ಎಂಟರ್ ಒತ್ತಿದ ಬೆರಳು ಮೇಲೇಳುವಷ್ಟರಲ್ಲಿ ಪ್ರಿಂಟರು ಕಿರ್ರೆಂದು ಕೂಗಿಕೊಂಡು ಕಾಗದವನ್ನು ಮೇಲಕ್ಕೆ ತಳ್ಳತೊಡಗುತ್ತಿತ್ತು. ಎರಡೂ ಅಂಚಿಗೆ ತೂತುಗಳಿದ್ದ, ಮಡಿಕೆ ಮಡಿಕೆಯಾದ ಉದ್ದನೆಯ ಕಾಗದ. ಆ ಅಂಚನ್ನು ಹರಿಯುವ ಕೆಲಸ ನನ್ನದು. ಗಂಡನಿಗೆ ಅಷ್ಟೂ ನೆನಪಿರುವುದಿಲ್ಲವೆಂದು ಚಿಕ್ಕಮ್ಮ ಅದನ್ನೂ ಮೊಟಕು ಮಾಡಿ, ಪಿ ಎಂಬ ಒಂದೇ ಅಕ್ಷರ ಒತ್ತಿ ಹೆಸರು ಕೊಟ್ಟರೆ ಸಾಕು ಎನ್ನುವ ಹಾಗೆ ಮಾಡಿಟ್ಟಳು. ಅವನು ಅದನ್ನೂ ಕಲಿಯಲಿಲ್ಲ. ಇವತ್ತು ನನ್ನ ಮನೆಯಲ್ಲಿ ತಂತಿಯೇ ಇಲ್ಲದ ಒಂದು ಪ್ರಿಂಟರಿದೆ. ಒಂದು ಆಧಾರ್ ಪ್ರತಿ ತೆಗೆಯಲು ಹೋದರೆ ಅದು ಮೊದಲು ವೈಫೈ ಹುಡುಕುತ್ತದೆ, ಆಮೇಲೆ ಪಾಸ್‌ವರ್ಡ್ ಕೇಳುತ್ತದೆ, ಕಪ್ಪು ಅಕ್ಷರ ಬೇಕೆಂದರೆ ಕೆಂಪು ಮಸಿ ಮುಗಿದಿದೆ ಎಂದು ಮುಷ್ಕರ ಹೂಡುತ್ತದೆ. ನಾನು ಬೈದುಕೊಂಡು ಬೀದಿ ಕೊನೆಯ ಜೆರಾಕ್ಸ್ ಅಂಗಡಿಗೆ ಹೋಗುತ್ತೇನೆ. ಆಗೆಲ್ಲ ಆ ಹಳೆಯ ಯಂತ್ರ ನೆನಪಾಗುತ್ತದೆ. ಅದರ ಜೊತೆಗೇ ಆ ಮನೆಯ ವಾಸನೆಯೂ ಮೂಗಿಗೆ ಬರುತ್ತದೆ.

ಚಿಕ್ಕಪ್ಪನಿಗೆ ಎಲೆಯಡಿಕೆ, ಹೊಗೆಸೊಪ್ಪಿನ ಚಟ. ಬಾಯಿ ತುಂಬಿಕೊಂಡೇ ಕೋಣೆಗೆ ಬಂದು, ಸುಣ್ಣ ಮೆತ್ತಿದ ಬೆರಳಿನಿಂದ ಕೀಲಿಗಳನ್ನು ಕುಟ್ಟುತ್ತಿದ್ದ. ಮಾತಾಡಿದರೆ ಕೆಂಪು ತುಂತುರು ಪರದೆಯ ಮೇಲೆ ಬೀಳುತ್ತಿತ್ತು. ಎದ್ದು ಕಿಟಕಿಯಿಂದ ಹಿತ್ತಲಿಗೆ ಉಗಿದು ಬಂದು ಮತ್ತೆ ಕೂರುತ್ತಿದ್ದ. ಕಿಟಕಿಯ ಕೆಳಗಿನ ಗೋಡೆ ಮಳೆಗಾಲದಲ್ಲೂ ಕೆಂಪಗೇ ಇರುತ್ತಿತ್ತು. ಒಮ್ಮೆ ಕಂಪ್ಯೂಟರಿನ ಮುಂದೆಯೇ ಕಾಲು ಮೇಲಿಟ್ಟುಕೊಂಡು ಹೆಬ್ಬೆರಳಿನ ಉಗುರು ಕತ್ತರಿಸುತ್ತ ಕೂತಿದ್ದ, ಉಗುರಿನ ಚೂರು ಕೀಲಿಗಳ ಸಂದಿಗೆ ಸಿಡಿಯಿತು. ಚಿಕ್ಕಮ್ಮ ಕೀಲಿಮಣೆಯನ್ನು ಮಗುಚಿ ಕೊಡವಿ, ಸ್ಪಿರಿಟ್ಟಿನಲ್ಲಿ ಹತ್ತಿ ಅದ್ದಿ ಒಂದೊಂದು ಕೀಲಿಯನ್ನೂ ಒರೆಸಿದಳು. ಹತ್ತಿಯಲ್ಲಿ ಬಂದ ಕೆಂಪನ್ನು ನೋಡಿ ನನಗೆ ಆ ದಿನ ಊಟ ಸೇರಲಿಲ್ಲ. ಬಾಗಿಲಲ್ಲಿ ನಿಂತಿದ್ದ ಅಜ್ಜಿಗೆ ಇದರಲ್ಲಿ ಯಾವ ಹೇಸಿಗೆಯೂ ಕಂಡಿರಲಿಲ್ಲ.

ಅಜ್ಜಿಗೆ ಹೇಸಿಗೆ ಕಾಣುತ್ತಿದ್ದದ್ದು ತಿಂಗಳಿಗೆ ಮೂರು ದಿನ. ಚಿಕ್ಕಮ್ಮನೋ ಅವ್ವನೋ ಮುಟ್ಟಾದರೆ ಹಿತ್ತಲಿನ ಸೌದೆ ಕೊಟ್ಟಿಗೆಯಲ್ಲಿ ಗೋಣಿಚೀಲದ ಮೇಲೆ ಮಲಗಬೇಕು. ತಟ್ಟೆ, ಲೋಟ ಬೇರೆ. ಅಜ್ಜಿ ಮುದ್ದೆಯನ್ನು ಮೊಳದೆತ್ತರದಿಂದ ತಟ್ಟೆಗೆ ಬಿಡುತ್ತಿದ್ದಳು. ಅದು ದೊಪ್ಪೆಂದು ಬಿದ್ದು, ಸಾರು ಉಣ್ಣುವವಳ ಮುಖಕ್ಕೆ ಹಾರುತ್ತಿತ್ತು. ಅವ್ವ ಸೆರಗಿನಿಂದ ಒರೆಸಿಕೊಂಡು ಉಣ್ಣುತ್ತಿದ್ದಳು. ಚಿಕ್ಕಮ್ಮ ಮೊದಲ ಸಲ ತಟ್ಟೆಯನ್ನು ಹಾಗೇ ಬಿಟ್ಟು ಎದ್ದಳು, ಹಸಿವಾದ ಮೇಲೆ ಬಂದು ಉಂಡಳು. ಕಂಪ್ಯೂಟರು ಲಕ್ಷ್ಮಿಯಾದ್ದರಿಂದ ಆ ದಿನಗಳಲ್ಲಿ ಅವಳ ನೆರಳೂ ಆ ಕೋಣೆಗೆ ಬೀಳಬಾರದು. ಅಷ್ಟರಲ್ಲಾಗಲೇ ಬೊಂಬೆ ಅಂಗಡಿಯ ಬಿಲ್ಲು, ದರಪಟ್ಟಿಗಳ ಜೊತೆಗೆ ಕೋರ್ಟಿನ ಅಫಿಡವಿಟ್ಟು, ಕಾಲೇಜು ಹುಡುಗರ ಪ್ರಾಜೆಕ್ಟು ಎಲ್ಲ ನಮ್ಮ ಮನೆಗೆ ಟೈಪಿಂಗಿಗೆ ಬರುತ್ತಿದ್ದವು. ಆ ಮೂರು ದಿನ ಚಿಕ್ಕಪ್ಪ ಜಗುಲಿಯಲ್ಲಿ ಕೂತು ಬಂದವರಿಗೆಲ್ಲ ಹೇಳುತ್ತಿದ್ದ:

"ಸಿಸ್ಟಂ ಒಸಿ ರಿಪೇರಿಗೆ ಬಂದೈತೆ ಕಣಣ್ಣ. ನಾಳಿದ್ದು ಬಾ, ಕೊಡ್ತೀನಿ."

ಒಂದು ಸಲ ವಕೀಲರೊಬ್ಬರು ಜಗುಲಿಯಿಂದ ಏಳಲಿಲ್ಲ. ಬೆಳಗ್ಗೆಯೇ ಕೋರ್ಟಿಗೆ ಕಾಗದ ಹಾಕಬೇಕಿತ್ತು. ಚಿಕ್ಕಪ್ಪ ಒಳಗೆ ಬಂದು ತಲೆ ಕೆರೆದುಕೊಂಡ. ಚಿಕ್ಕಮ್ಮ ಹಿತ್ತಲಿನ ಕಿಟಕಿಯ ಆಚೆ ಬಂದು ನಿಂತಳು. ನಿಂತದ್ದು ಅವನು ಉಗಿಯುತ್ತಿದ್ದ ಆ ಗೋಡೆಯ ಪಕ್ಕದಲ್ಲೇ.

"ಭಾಗ್ಯ, ನೀನ್ ಕೂತ್ಕೊ. ಪಿ ಒತ್ತು. ಜಾಗ ಬಿಡೋ ದೊಡ್ ಗುಂಡಿ ಒಂದ್ಸಲ. ಈಗ ನಾನ್ ಹೇಳೋ ಅಕ್ಷರ ಹೊಡಿ. ಎಂಟರ್ ಒತ್ತು."

ಒತ್ತಿದೆ. ಕಾಗದ ಬಂತು. ಆಗ ನಾನು ಆರನೆಯ ಕ್ಲಾಸು. ಜಗುಲಿಯಲ್ಲಿ ಚಿಕ್ಕಪ್ಪ ವಕೀಲರಿಗೆ, "ನಮ್ಮದು ಏನಿದ್ರೂ ಟೈಮ್ ಟು ಟೈಮ್ ಸಾರ್" ಎನ್ನುತ್ತಿದ್ದದ್ದು ಕೇಳಿಸಿತು. ಚಿಕ್ಕಮ್ಮ ಕಿಟಕಿಯ ಸರಳಿನಿಂದ ಕೈ ತೆಗೆದು ಕೊಟ್ಟಿಗೆಗೆ ಹೋದಳು. ಅಲ್ಲಿಂದ ಮುಂದೆ ಆ ದಿನಗಳಲ್ಲಿ ಕೆಲಸ ನಡೆದದ್ದು ಹೀಗೆಯೇ. ಅಜ್ಜಿಗೂ ಇದರಿಂದ ತೊಂದರೆ ಇರಲಿಲ್ಲ. ಚಿಕ್ಕಮ್ಮನ ದನಿ ಕೋಣೆಗೆ ಬರಬಹುದಿತ್ತು, ಕೈ ಬರುವಂತಿರಲಿಲ್ಲ.

ಎರಡು ವರ್ಷ ಹೀಗೆ ಕಳೆದ ಮೇಲೆ ರಾಮನಗರದ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಹೇಳಿಕೊಡುವವರು ಬೇಕೆಂದು ಪೇಪರಿನಲ್ಲಿ ಬಂತು. ಅರ್ಜಿಯನ್ನು ಕಂಪ್ಯೂಟರಿನಲ್ಲೇ ಮುದ್ರಿಸಿ, ಖುದ್ದಾಗಿ ತಂದುಕೊಡಬೇಕು. ಚಿಕ್ಕಮ್ಮ ಮಧ್ಯಾಹ್ನ ಎಲ್ಲರೂ ಮಲಗಿದಾಗ ಸದ್ದಿಲ್ಲದೆ ಟೈಪು ಮಾಡಿಟ್ಟಳು. ಟೈಪು ಮಾಡುವುದಕ್ಕೆ ಸದ್ದಿಲ್ಲ. ಪ್ರಿಂಟು ಹಾಕಿದರೆ ಮಾತ್ರ ಎದುರು ಮನೆಯವರಿಗೂ ಕೇಳುತ್ತದೆ. ಹಾಗಾಗಿ ಚಿಕ್ಕಪ್ಪನಿಗೆ ಮೊದಲು ಹೇಳಿ ಒಪ್ಪಿಸಿ ಆಮೇಲೆ ಹಾಕೋಣ ಎಂದು ಒಳ್ಳೆಯ ಹೊತ್ತಿಗಾಗಿ ಕಾದಳು. ಅವಳು ಕಾದು ಕಾದು, ನಾಳೆಯೇ ಕೊನೆಯ ದಿನ ಎನ್ನುವಾಗ, ಬೆಳಗ್ಗೆ ಎದ್ದರೆ ಮುಟ್ಟಾಗಿದ್ದಳು.

ಅವತ್ತು ಭಾನುವಾರ. ಚಿಕ್ಕಪ್ಪ ಜಗುಲಿಯಲ್ಲಿ ಅಡಿಕೆ ಕತ್ತರಿಸುತ್ತಿದ್ದ. ಅಪ್ಪ ಪೇಪರು ಓದುತ್ತಿದ್ದ. ಚಿಕ್ಕಮ್ಮ ಮನೆಯ ಪಕ್ಕದ ಓಣಿಯಲ್ಲಿ ಬಂದು, ಜಗುಲಿಗೆ ದೂರದಲ್ಲಿ ನಿಂತು ವಿಷಯ ಹೇಳಿದಳು.

"ಕೆಲ್ಸುಕ್ಕೆ? ನೀನಾ?" ಎಂದ ಚಿಕ್ಕಪ್ಪ. "ಮನೇಲಿ ಮಿಷಿನ್ ಇಟ್ಕೊಂಡು ಊರೋರ್ ಮಿಷಿನ್ ಮುಂದೆ ಕೂತ್ಕೊತೀಯಾ? ಇಲ್ಲಿ ಬಿಲ್ ಹಾಕೋರ್ ಯಾರು, ನಿಮ್ಮಪ್ಪನಾ?"

ಅವಳು ಅಪ್ಪನ ಕಡೆ ತಿರುಗಿದಳು.

"ಭಾವ, ನಾಳೆ ಕೊನೇ ದಿನ. ನಾನ್ ಒಳಕ್ ಬರಲ್ಲ. ನೀವ್ ಒಂದ್ಸಲ ಎಂಟರ್ ಒತ್ತಿಕೊಡಿ, ಸಾಕು."

ಅಪ್ಪ ಪೇಪರಿನ ಹಾಳೆ ತಿರುವಿದ.

"ಮೂರ್ ದಿನ ತಡಕೊಳಮ್ಮ. ಆಮೇಲೆ ನೀನೇ ಹಾಕ್ಕೊಂಡ್ರಾಯ್ತು."

ನಾಳೆಯೇ ಕೊನೆ ಎಂದು ಅವಳು ಈಗತಾನೆ ಹೇಳಿದ್ದಳು. ಅವನಿಗೆ ಕೇಳಿಸಿತ್ತು. ಅಪ್ಪನ ಕಿವಿ ಚೆನ್ನಾಗಿತ್ತು, ಕ್ಲಾಸಿನ ಕೊನೆಯ ಬೆಂಚಿನಲ್ಲಿ ಯಾರು ಪಿಸುಗುಟ್ಟಿದರೂ ಹಿಡಿಯುತ್ತಿದ್ದ.

ನಾನು ಯಾರನ್ನೂ ಕೇಳದೆ ಒಳಗೆ ಓಡಿ ಯಂತ್ರ ಹಾಕಿದೆ. ಪರದೆ ಹತ್ತಿಕೊಂಡು ಅಕ್ಷರ ಮೂಡುವಷ್ಟರಲ್ಲಿ ಚಿಕ್ಕಮ್ಮ ಕಿಟಕಿಗೆ ಬಂದಿದ್ದಳು. ಫೈಲಿನ ಹೆಸರು ಹೇಳು ಎಂದೆ. ಅವಳು ನನ್ನ ಬೆರಳನ್ನೇ ನೋಡುತ್ತಿದ್ದಳು.

"ಬೇಡ, ಏಳು ಭಾಗ್ಯ. ಇದು ನನ್ ಅರ್ಜಿ ಕಣೆ. ನಾನೇ ಒತ್ತೀನಿ."

ಹಿತ್ತಲ ಬಾಗಿಲಿನಿಂದ ಬಂದಳು. ಅಡುಗೆಮನೆ, ನಡುಮನೆ ದಾಟಿ, ದೇವರ ಮನೆಯ ಮುಂದೆ ಹಾದು ಕೋಣೆಗೆ ಬಂದು ಕುರ್ಚಿಯ ಮೇಲೆ ಕೂತಳು. ಒಲೆಯ ಮುಂದಿದ್ದ ಅವ್ವ ಅವಳನ್ನು ನೋಡಿದ್ದಳು, ಕೂಗಲಿಲ್ಲ. ಚಿಕ್ಕಮ್ಮ ಪಿ ಒತ್ತಿದಳು, ಹೆಸರು ಹೊಡೆದಳು, ಎಂಟರ್. ಪ್ರಿಂಟರು ಕಿರುಚಿಕೊಂಡಿತು. ಅವಳ ಹೆಸರು ಮೊದಲ ಸಾಲಿನಲ್ಲಿ ಮೂಡಿ ಮೇಲಕ್ಕೆ ಬಂತು.

ಅಜ್ಜಿ ದೇವರ ಮನೆಯಿಂದ ಹೊರಗೆ ಬಂದು ನೋಡಿ ಎದೆ ಬಡಿದುಕೊಂಡಳು.

"ಅಯ್ಯಯ್ಯೋ, ಪುಟ್ಸಾಮೀ! ಬಾರ್ಲಾ ಇಲ್ಲಿ! ಮನೆ ಹಾಳ್ ಮಾಡ್ಬುಟ್ಲು ಕಣ್ಲಾ! ಆಚೆ ಆದೋಳು ದ್ಯಾವ್ರು ಪಕ್ಕದಲ್ ಬಂದ್ ಕುಂತವ್ಳೆ!"

ಚಿಕ್ಕಪ್ಪ ನುಗ್ಗಿ ಬಂದು ಗೋಡೆಯ ಪ್ಲಗ್ಗನ್ನೇ ಕಿತ್ತ. ಪ್ರಿಂಟರು ಒಂದು ಅಕ್ಷರದ ನಡುವೆ ನಿಂತಿತು. ಹೆಂಡತಿಯನ್ನು ಹೊಡೆಯಲು ಕೈ ಎತ್ತಿದ, ಎತ್ತಿದವನು ಮುಟ್ಟಿದರೆ ಮೈಲಿಗೆ ಎಂದು ನೆನಪಾಗಿ ಇಳಿಸಿದ. ಅವಳು ಹೊಡೆತ ತಪ್ಪಿಸಿಕೊಂಡದ್ದು ಅವನ ಆ ಅಸಹ್ಯದಿಂದ. ಚಿಕ್ಕಮ್ಮ ಅರ್ಧ ಮೂಡಿದ್ದ ಹಾಳೆಯನ್ನು ಹುಷಾರಾಗಿ ಬಿಡಿಸಿಕೊಂಡು, ಬಂದ ದಾರಿಯಲ್ಲೇ ಹಿತ್ತಲಿಗೆ ಹೋದಳು.

ಇನ್ನು ಶುದ್ಧಿಯ ಕೆಲಸ. ಅಜ್ಜಿ ಗಂಜಲ ತರಲು ಹೇಳಿದಳು. ಯಾರು ಹೋದರು ಎಂದರೆ, ನನ್ನಪ್ಪ. ಒಂಬತ್ತನೆಯ ಕ್ಲಾಸಿನ ಮಕ್ಕಳಿಗೆ ಉಪ್ಪುನೀರಿನಲ್ಲಿ ಎರಡು ತಂತಿ ಅದ್ದಿ ಬಲ್ಬು ಹತ್ತಿಸಿ ತೋರಿಸುತ್ತಿದ್ದವನು, ಹಿಂದಿನ ಬೀದಿಯ ಹಸು ಸಾಕಿದವರ ಮನೆಗೆ ತಾನೇ ಚೊಂಬು ಹಿಡಿದು ಹೋಗಿ, ಹಸು ಉಚ್ಚೆ ಹೊಯ್ಯುವವರೆಗೆ ಕಾದು, ತುಂಬಿಸಿಕೊಂಡು ಬಂದ. ಬಿಸಿಬಿಸಿ ಇತ್ತು, ಮೇಲೆ ನೊರೆ. ಅಜ್ಜಿ ಮಾವಿನೆಲೆಯಲ್ಲಿ ಹೊಸಿಲಿಗೆ, ಕುರ್ಚಿಗೆ, ಗೋಡೆಗೆ ಚಿಮುಕಿಸಿದಳು. ಪರದೆಯ ಕುಂಕುಮ ಕರಗಿ ಗಾಜಿನ ಮೇಲೆ ಇಳಿಯಿತು. ಕೀಲಿಮಣೆಯ ಹತ್ತಿರ ಬಂದಾಗ ಎಲೆಯಲ್ಲಿ ಚಿಮುಕಿಸುವ ತಾಳ್ಮೆ ಸಾಲದೆ ಚೊಂಬನ್ನೇ ಎತ್ತಿದಳು.

"ಒಸಿ ಜಾಸ್ತೀನೇ ಉಯ್ಯವ್ವ," ಎಂದ ಚಿಕ್ಕಪ್ಪ. "ಅವ್ಳು ಎಲ್ಲಾ ಕಡೆ ಮುಟ್ಟವ್ಳೆ."

ಅಜ್ಜಿ ಕೀಲಿಗಳ ಮೇಲೆ ಸುರಿದು, ಪ್ರಿಂಟರಿನ ಬಾಯಿಗೂ ಸುರಿದು, ಉಳಿದದ್ದನ್ನು ಕಂಪ್ಯೂಟರಿನ ಡಬ್ಬದ ಮೇಲೆ ಹೊಯ್ದಳು. ಹಳದಿ ನೀರು ಸಂದಿಗಳಲ್ಲಿ ಇಳಿಯುವುದನ್ನು ಅಪ್ಪ ನೋಡುತ್ತ ನಿಂತಿದ್ದ. ನಾನು ಅವನ ಮುಖ ನೋಡುತ್ತಿದ್ದೆ. ಈಗ ಹೇಳುತ್ತಾನೆ, ಈಗ ಬೇಡ ಎನ್ನುತ್ತಾನೆ ಎಂದು ಕಾದೆ. ಅವನು ಖಾಲಿ ಚೊಂಬನ್ನು ಅಜ್ಜಿಯ ಕೈಯಿಂದ ತೆಗೆದುಕೊಂಡ, ಅಷ್ಟೇ. ಸಂಜೆಗೆ ಚಿಕ್ಕಪ್ಪ ಊದುಬತ್ತಿ ಹಚ್ಚಿ, ಪ್ಲಗ್ಗು ಸಿಕ್ಕಿಸಿ ಸ್ವಿಚ್ ಹಾಕಿದ. ಚಟ್ ಎಂದಿತು. ಸುಟ್ಟ ಉಚ್ಚೆಯ ನಾತ ಮನೆಯೆಲ್ಲ ತುಂಬಿತು. ಆ ಯಂತ್ರ ಮತ್ತೆ ಹತ್ತಲಿಲ್ಲ.

ಆ ರಾತ್ರಿ ಉಣ್ಣುವ ಹೊತ್ತಿಗೆ ಅವ್ವ ಒಂದು ಕೆಲಸ ಮಾಡಿದಳು. ಅವ್ವ ಜಗಳದ ಹೆಂಗಸಲ್ಲ. ಮನೆಯಲ್ಲಿ ಅವಳು ದನಿ ಎತ್ತರಿಸಿದ್ದನ್ನು ನಾನು ಕೇಳಿರಲಿಲ್ಲ. ಎಲ್ಲರೂ ಊಟಕ್ಕೆ ಕೂತು ಮುದ್ದೆ ಬರಲೆಂದು ಕಾಯುತ್ತಿದ್ದರು. ಅವ್ವ ಹಿಟ್ಟಿಗೆ ಇನ್ನೂ ಕೋಲು ಹಾಕಿರಲಿಲ್ಲ. ಕೊಬ್ಬರಿ ಎಣ್ಣೆ, ಬಾಚಣಿಗೆ ತೆಗೆದುಕೊಂಡು ಹಿತ್ತಲಿಗೆ ಹೋಗಿ, ಚಿಕ್ಕಮ್ಮನನ್ನು ಮುಂದೆ ಕೂರಿಸಿಕೊಂಡು, ತಲೆಗೆ ಎಣ್ಣೆ ಒತ್ತಿ ಬಾಚತೊಡಗಿದಳು. ಅಜ್ಜಿ ಹಿತ್ತಲ ಬಾಗಿಲಿಗೆ ಬಂದು ಬೆಚ್ಚಿಬಿದ್ದಳು.

"ಏನೇ ಮಾಡ್ತಿದ್ದೀಯ? ಅವಳ್ನ ಮುಟ್ಬುಟ್ಯಾ?"

"ಮುಟ್ದೆ ಕಣತ್ತೆ," ಎಂದಳು ಅವ್ವ. "ಇನ್ ನಾನೂ ಮೈಲಿಗೇನೆ. ಅಡ್ಗೆ ಮನೇಗ್ ಬರಂಗಿಲ್ಲ. ಒಲೆ ಮೇಲ್ ಎಸರು ಐತೆ, ನಿಮ್ ಮಕ್ಳು ತಿರುವ್ಕೊಂಡು ಉಣ್ಲಿ."

ಗಂಡಸರಿಬ್ಬರೂ ಎಸರನ್ನು ನೋಡಿಕೊಂಡು ಕೂತರು. ಕೊನೆಗೆ ಚಿಕ್ಕಪ್ಪ ಬೇಕರಿಗೆ ಹೋಗಿ ಬನ್ನು ತಂದ. ನಾನು ಬನ್ನು ತಿನ್ನದೆ ಕೊಟ್ಟಿಗೆಗೆ ಹೋದೆ. ಚಿಕ್ಕಮ್ಮ ಸೌದೆಯ ಮೇಲೆ ಹಲಗೆಯಿಟ್ಟುಕೊಂಡು, ಅರ್ಧ ಅಚ್ಚಾದ ಅರ್ಜಿಯ ಉಳಿದ ಸಾಲುಗಳನ್ನು ಪೆನ್ನಿನಲ್ಲಿ ತುಂಬುತ್ತಿದ್ದಳು. ಅಚ್ಚಿನ ಅಕ್ಷರದ ಹಾಗೇ ಕಾಣಲೆಂದು ಒಂದೊಂದನ್ನೂ ಬಿಡಿಬಿಡಿಯಾಗಿ ಬರೆಯುತ್ತಿದ್ದಳು.

ಬೆಳಗ್ಗೆ ಮೊದಲ ರೈಲಿಗೆ ಹೋದಳು. ಕಾಲೇಜಿನವರು ಆ ಅರ್ಜಿಯನ್ನು ನೋಡಿ, ಇದೇನಮ್ಮ ಅರ್ಧ ಅಚ್ಚು ಅರ್ಧ ಕೈಬರಹ ಎಂದು ಕೇಳಿದರಂತೆ. ಕರೆಂಟು ಹೋಯಿತು ಸಾರ್ ಎಂದಳಂತೆ. ಕೆಲಸ ಸಿಕ್ಕಿತು. ಮನೆಯಲ್ಲಿ ಒಂದು ತಿಂಗಳು ಜಗಳವಾಯಿತು. ಚಿಕ್ಕಪ್ಪ ಮಾತು ಬಿಟ್ಟ, ಅವಳ ಚಪ್ಪಲಿ ಎತ್ತಿ ಮೋರಿಗೆ ಎಸೆದ. ಅವಳು ಬರಿಗಾಲಿನಲ್ಲಿ ಸ್ಟೇಷನ್ನಿಗೆ ನಡೆದಳು. ಯಂತ್ರ ರಿಪೇರಿಗೆಂದು ಬೆಂಗಳೂರಿನಿಂದ ಬಂದವನು ಡಬ್ಬ ಬಿಚ್ಚಿದವನೇ ಮೂಗು ಮುಚ್ಚಿಕೊಂಡು ಏನು ಸಾರ್ ಇದು ವಾಸನೆ ಎಂದಾಗ, ಚಿಕ್ಕಪ್ಪ ಅವನಿಗೆ, "ಇಲಿ ಉಚ್ಚೆ ಉಯ್ದ್ಬುಟ್ಟೈತೆ" ಎಂದ. ನೆಂಟರಿಗೆ ಮಾತ್ರ, ಆಚೆ ಆದವಳು ಮುಟ್ಟಿದ್ದಕ್ಕೆ ಸುಟ್ಟುಹೋಯಿತು ಎನ್ನುತ್ತಿದ್ದ. ಎರಡನ್ನೂ ಅಪ್ಪ ಕೇಳಿಸಿಕೊಂಡು ಕೂತಿದ್ದ. ಒಂದು ದಿನ ಸ್ಕೂಲಿನಿಂದ ಬರುವಾಗ ದಾರಿಯಲ್ಲಿ ಕೇಳಿಯೇ ಬಿಟ್ಟೆ, ಗಂಜಲ ಹೊಯ್ದರೆ ಸುಟ್ಟುಹೋಗುತ್ತದೆ ಅಂತ ನಿನಗೆ ಗೊತ್ತಿರಲಿಲ್ಲವಾ ಅಪ್ಪ ಎಂದು.

"ಗೊತ್ತಿತ್ತು ಕಣಮ್ಮ," ಎಂದ. "ಮನೇಲೆಲ್ಲಾ ಪಾಠ ಮಾಡಕ್ಕಾಯ್ತದಾ?"

ಅಪ್ಪ ಕೆಟ್ಟವನಲ್ಲ. ನನ್ನನ್ನು ಓದಿಸಿದವನು ಅವನೇ, ಕೊನೆಗಾಲದಲ್ಲಿ ನಾನೇ ನೋಡಿಕೊಂಡೆ. ಆದರೂ ಅವನ ಫೋಟೋಕ್ಕೆ ಹಾರ ಹಾಕುವಾಗೆಲ್ಲ ಆ ಚೊಂಬು ಕಣ್ಣಿಗೆ ಬರುತ್ತದೆ. ಅಜ್ಜಿಗೆ ಅದು ನಂಬಿಕೆಯಾಗಿತ್ತು, ಚಿಕ್ಕಪ್ಪನಿಗೆ ಅನುಕೂಲ. ಗೊತ್ತಿದ್ದೂ ತಂದುಕೊಟ್ಟವನು ಅಪ್ಪನೊಬ್ಬನೇ. ಮೊನ್ನೆ ದೊಡ್ಡಮಳೂರಿನಲ್ಲಿ ನೆಂಟರ ಮಗುವಿನ ನಾಮಕರಣವಿತ್ತು. ಊಟದ ಪಂಕ್ತಿಯಲ್ಲಿ ನನಗಿಂತ ಚಿಕ್ಕವನಾದ ನೆಂಟನೊಬ್ಬ, ನಮ್ಮ ಅಜ್ಜಿ ಕಂಪ್ಯೂಟರಿಗೆ ಗಂಜಲ ಹೊಯ್ದ ಕತೆ ಗೊತ್ತಾ ಎಂದು ಶುರು ಮಾಡಿದ. ಎಲೆಯ ಮುಂದೆ ಕೂತವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಪಾಪ ಹಳೇ ಕಾಲದ ಮುದುಕಿ, ಎಷ್ಟು ಮುಗ್ಧೆ ಎಂದರು. ಆ ಕತೆಯಲ್ಲಿ ಚಿಕ್ಕಮ್ಮ ಇರಲೇ ಇಲ್ಲ. ಅರ್ಜಿಯೂ ಇರಲಿಲ್ಲ, ಎತ್ತಿ ಇಳಿಸಿದ ಕೈಯೂ ಇರಲಿಲ್ಲ. ನನ್ನ ಎಲೆಯ ಮೇಲಿದ್ದ ಪಾಯಸ ನೋಡಿದರೆ ಮೇಲೆ ನೊರೆ ಕಂಡ ಹಾಗಾಯಿತು. ಎದ್ದು ಕೈ ತೊಳೆದುಕೊಂಡು ಬಂದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಚಿಕ್ಕಮ್ಮ ಕೆಲಸಕ್ಕೆ ಸೇರಿದ ಮರುವರ್ಷ ನಾನು ದೊಡ್ಡವಳಾದೆ. ಅದೇ ಕೊಟ್ಟಿಗೆ, ಅದೇ ಗೋಣಿಚೀಲ. ಅಜ್ಜಿ ಹೇಳಿದ್ದನ್ನೆಲ್ಲ ಕೇಳಿದೆ. ಹೂವಿನ ಗಿಡ ಮುಟ್ಟಬಾರದು, ಬಾವಿಯ ಹಗ್ಗ ಮುಟ್ಟಬಾರದು. ಕೆಲವು ತಿಂಗಳ ಮೇಲೆ ದಸರಾ ರಜೆಯಲ್ಲಿ ಚಿಕ್ಕಮ್ಮ ನನ್ನನ್ನು ತನ್ನ ಕಾಲೇಜು ತೋರಿಸಲು ಕರೆದುಕೊಂಡು ಹೋದಳು. ಹೊರಡುವಾಗ ನಾನು ಮುಟ್ಟಾಗಿದ್ದೆ. ಅಜ್ಜಿಗೆ ತಿಳಿದರೆ ಬಿಡುವುದಿಲ್ಲವೆಂದು ಅವ್ವನಿಗಷ್ಟೇ ಹೇಳಿದ್ದೆ. ಅವ್ವ ಒಂದು ಹಳೆಯ ಬಟ್ಟೆ ಮಡಿಸಿ ಚೀಲದಲ್ಲಿಟ್ಟು ಕಳಿಸಿದಳು. ರಜೆಯಾದ್ದರಿಂದ ಲ್ಯಾಬಿನಲ್ಲಿ ಯಾರೂ ಇರಲಿಲ್ಲ. ಸಾಲಾಗಿ ಕಂಪ್ಯೂಟರುಗಳು, ಒಂದೊಂದಕ್ಕೂ ಬಟ್ಟೆಯ ಮುಸುಕು. ಮೂಲೆಯಲ್ಲಿ ಪ್ರಿಂಟರು. ಗೋಡೆಯ ಮೇಲೆ ಸರಸ್ವತಿಯ ಪಟ, ಅದಕ್ಕೆ ಒಣಗಿದ ಹಾರ. ಚಿಕ್ಕಮ್ಮ ಒಂದು ಮುಸುಕು ತೆಗೆದು, ಕುರ್ಚಿ ಎಳೆದುಕೊಟ್ಟು, ನಿನ್ನ ಹೆಸರು ಟೈಪು ಮಾಡಿ ಪ್ರಿಂಟ್ ತೆಗಿ ಎಂದಳು. ನಾನು ಕುರ್ಚಿಯ ಹಿಂದೆಯೇ ನಿಂತೆ. ಅಲ್ಲಿ ತಡೆಯುವವರು ಯಾರೂ ಇರಲಿಲ್ಲ. ಅಜ್ಜಿ ಇಪ್ಪತ್ತು ನಿಮಿಷದ ರೈಲಿನ ಆಚೆ ಇದ್ದಳು. ಆದರೂ ಕೈ ಮುಂದೆ ಹೋಗಲಿಲ್ಲ. ಕಣ್ಣು ಪಟದ ಕಡೆಗೆ, ಬಾಗಿಲಿನ ಕಡೆಗೆ ಹೋಗುತ್ತಿತ್ತು. ಅಷ್ಟನ್ನೆಲ್ಲ ಕಣ್ಣಾರೆ ಕಂಡು ಅಸಹ್ಯಪಟ್ಟವಳ ಒಳಗೇ ಆ ಮೈಲಿಗೆ ಬಂದು ಕೂತಿತ್ತು. ಆವತ್ತು ನನಗೆ ನನ್ನ ಕೈಯನ್ನು ಕಂಡರೇ ಹೇಸಿಗೆಯಾಗುತ್ತಿತ್ತು.

"ಯಾಕೆ, ಮರ್ತೋಯ್ತಾ?" ಎಂದಳು ಚಿಕ್ಕಮ್ಮ.

"ಇಲ್ಲ ಚಿಕ್ಕಮ್ಮ. ನಾನು ಇವತ್ತು ಆಚೆ ಆಗಿದ್ದೀನಿ."

ಅವಳು ನನ್ನ ಭುಜ ಹಿಡಿದು ಕುರ್ಚಿಯಲ್ಲಿ ಕೂರಿಸಿದಳು.

"ನಾನೂ ಆಗಿದ್ದೀನಿ ಕಣೆ. ಒತ್ತು."